ಪೋಸ್ಟ್ ಮಾಸ್ಟರು ಅಳೆದ ಬೆಟ್ಟ

ಜಪಾನಿನ ಒಂದು ಜ್ವಾಲಾಮುಖಿ, ಅದರ ಬುಡದ ಊರು, ಅಲ್ಲಿನ ಒಬ್ಬ ಪೋಸ್ಟ್ ಮಾಸ್ಟರು: ಇವತ್ತಿನ ನನ್ನ ಮಾತು ಇವುಗಳ ಬಗ್ಗೆ. ಈ ವಿಷಯಕ್ಕೆ ನಾನು ಬಂದದ್ದು ಭೂವಿಜ್ಞಾನದ ದಾರಿಯಿಂದಲ್ಲ, ಅಂಚೆ ಕಚೇರಿಯ ದಾರಿಯಿಂದ. 31 ವರ್ಷ ಸೀಲು ಹೊಡೆದು, ಮನಿಯಾರ್ಡರ್ ಬರೆದು, ಸಂಜೆ ಲೆಕ್ಕ ಕೂಡದಿದ್ದರೆ ಎಂಟಾಣೆಗೂ ರಾತ್ರಿ 8ರವರೆಗೆ ಕೂತು ಹುಡುಕಿದವನು ನಾನು. ನಿವೃತ್ತಿಯಾದ ಮೇಲೆ ಮಗಳಿರುವ ಸಪ್ಪೊರೊಗೆ ಹೋಗಿದ್ದೆ. ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದ ದೊಡ್ಡ ಊರು ಅದು. ಒಂದು ಭಾನುವಾರ, “ಅಪ್ಪಾ, ಒಬ್ಬ ಪೋಸ್ಟ್ ಮಾಸ್ಟರ ಪ್ರತಿಮೆ ಇದೆ, ತೋರಿಸ್ತೀನಿ ಬನ್ನಿ” ಎಂದಳು. ಪ್ರತಿಮೆಯೇ! ನಮ್ಮಲ್ಲಿ ಪೋಸ್ಟ್ ಮಾಸ್ಟರಿಗೆ ಬೀಳ್ಕೊಡುಗೆಯ ದಿನ ಒಂದು ಹಾರ, ಒಂದು ಶಾಲು, ಒಂದು ಗೋಡೆ ಗಡಿಯಾರ; ಅಲ್ಲಿಗೆ ಮುಗಿಯಿತು. ಕೂಡಲೇ ಕಾರು ಹತ್ತಿದೆ.

ಸಪ್ಪೊರೊದಿಂದ ಸುಮಾರು ಎರಡು ಗಂಟೆಯ ದಾರಿ. ಮಧ್ಯೆ ನಕಯಾಮ ಎಂಬ ಘಾಟಿ ಬರುತ್ತದೆ. ಅಲ್ಲಿ ಎಲ್ಲರೂ ಗಾಡಿ ನಿಲ್ಲಿಸುತ್ತಾರೆ, ಯಾಕೆಂದರೆ ಇಡೀ ಆಲೂಗಡ್ಡೆಗಳನ್ನು ಹಿಟ್ಟಿನಲ್ಲಿ ಅದ್ದಿ, ಕರಿದು, ಕಡ್ಡಿಗೆ ಮೂರರಂತೆ ಚುಚ್ಚಿ ಕೊಡುತ್ತಾರೆ. ನಮ್ಮ ಬೋಂಡಾದ ದೂರದ ನೆಂಟ ಎನ್ನಬಹುದು. ಆದರೆ ಹಿಟ್ಟು ಸಿಹಿ, ಖಾರದ ಸುಳಿವೇ ಇಲ್ಲ. ಚಳಿಗೆ ಅದೇ ಅಮೃತ. ಇರಲಿ, ವಿಷಯಕ್ಕೆ ಬರುತ್ತೇನೆ.

ಘಾಟಿ ಇಳಿದು ಮುಂದೆ ಹೋದರೆ ಒಂದು ತಿರುವಿನಲ್ಲಿ ಕೆಳಗೆ ತೋಯಾ ಸರೋವರ ಕಾಣುತ್ತದೆ. ಕಂಚಿನ ತಟ್ಟೆಯ ಹಾಗೆ ಹೆಚ್ಚುಕಮ್ಮಿ ದುಂಡಗೆ, ಈ ದಡದಿಂದ ಆ ದಡಕ್ಕೆ ಸುಮಾರು 10 ಕಿ.ಮೀ., ನಟ್ಟನಡುವೆ ಕಾಡು ತುಂಬಿದ ದ್ವೀಪಗಳು. ಕೆರೆ ಯಾಕೆ ದುಂಡಗಿದೆ ಎಂದರೆ ಅದು ಕೆರೆಯೇ ಅಲ್ಲ, ಗಾಯ. ಸುಮಾರು 1,10,000 ವರ್ಷಗಳ ಹಿಂದೆ ಅಲ್ಲೊಂದು ಭಾರೀ ಸ್ಫೋಟವಾಗಿ, ಒಡಲಿನ ಶಿಲಾರಸ ಹೊರಬಿದ್ದು, ಮೇಲಿನ ನೆಲ ಕುಸಿಯಿತು. ಆ ಗುಂಡಿಯಲ್ಲಿ ನೀರು ನಿಂತಿತು. ಆಳ 180 ಮೀಟರ್. ಅಷ್ಟು ಆಳದ ನೀರು ಬೇಸಿಗೆಯ ಶಾಖವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಸುತ್ತ ಆಳೆತ್ತರ ಹಿಮ ಬಿದ್ದರೂ ಸರೋವರ ಹೆಪ್ಪುಗಟ್ಟುವುದಿಲ್ಲ. ದಡದ ದಕ್ಷಿಣಕ್ಕೆ, ಸರೋವರಕ್ಕೂ ಸಮುದ್ರಕ್ಕೂ ನಡುವೆ ಎದ್ದು ನಿಂತಿರುವುದು ಉಸು ಬೆಟ್ಟ. ಎತ್ತರ 733 ಮೀಟರ್, ನಮ್ಮ ಚಾಮುಂಡಿ ಬೆಟ್ಟಕ್ಕಿಂತಲೂ ಕುಳ್ಳು. ಆದರೆ ಇದಕ್ಕೆ ಜೀವ ಇದೆ, ಇದು ಜ್ವಾಲಾಮುಖಿ.

ಈ ಸರೋವರದ ದಕ್ಷಿಣ ಮತ್ತು ಪೂರ್ವದ ದಡ ಸೇರಿರುವುದು ಸೋಬೆತ್ಸು ಎಂಬ ಊರಾಡಳಿತಕ್ಕೆ. ಜನಸಂಖ್ಯೆ ಸುಮಾರು 2,500. ನಮ್ಮಲ್ಲಿ ಪಟ್ಟಣ ಪಂಚಾಯಿತಿ ಅನ್ನಿಸಿಕೊಳ್ಳಬೇಕಾದರೆ 10,000 ತಲೆ ಎಣಿಸಬೇಕು. ಈ ಲೆಕ್ಕದಲ್ಲಿ ಸೋಬೆತ್ಸು ಒಂದು ಗ್ರಾಮ ಪಂಚಾಯಿತಿ ಅಷ್ಟೆ. ಆದರೂ ಅದಕ್ಕೆ ತನ್ನದೇ ಮೇಯರ್ ಇದ್ದಾರೆ, 200 ಚದರ ಕಿ.ಮೀ.ಗೂ ಮಿಕ್ಕ ನೆಲ ಇದೆ. ಹೆಸರು ಜಪಾನಿ ಭಾಷೆಯದಲ್ಲ. ಅಲ್ಲಿನ ಮೂಲನಿವಾಸಿಗಳಾದ ಐನು ಜನರದು. ಅವರ ಮಾತಿನಲ್ಲಿ ‘ಸೋ’ ಎಂದರೆ ಜಲಪಾತ, ‘ಪೆಟ್’ ಎಂದರೆ ಹೊಳೆ. ಸರೋವರದ ನೀರು ಹೊರಹೋಗಲು ಇರುವುದು ಒಂದೇ ಬಾಯಿ, ಅದು ಈ ಊರಿನಲ್ಲಿ ಜಲಪಾತವಾಗಿ ಧುಮುಕಿ ಹೊಳೆ ಸೇರುತ್ತದೆ. ಅಬ್ಬಿ ಹೊಳೆ ಎಂದು ಹೆಸರಿಟ್ಟರೆ ಮಲೆನಾಡಿನವರಿಗೆ ಇದು ಪಕ್ಕದ ಊರಿನಂತೆಯೇ ಕೇಳಿಸುತ್ತದೆ.

ನಾನು ಹೋದದ್ದು ಅಕ್ಟೋಬರಿನಲ್ಲಿ. ರಸ್ತೆಯ ಎರಡೂ ಕಡೆ ಸೇಬಿನ ತೋಟ. ದುಡ್ಡು ಕೊಟ್ಟು ಒಳಗೆ ಹೋದರೆ ನೀವೇ ಕಿತ್ತು ತಿನ್ನಬಹುದು. ಸೇಬಲ್ಲದೆ ಚೆರ್ರಿ, ಪ್ಲಮ್, ದ್ರಾಕ್ಷಿ. ಬೂದಿ ಬಿದ್ದ ಮಣ್ಣು ನೀರು ನಿಲ್ಲಿಸುವುದಿಲ್ಲ; ಹಣ್ಣಿನ ಗಿಡಕ್ಕೆ ಬೇಕಾದದ್ದೂ ಅದೇ. ಅಂದರೆ ಆ ಬೆಟ್ಟ ಊರನ್ನು ಹೆದರಿಸುತ್ತದೆ, ಸಾಕುತ್ತದೆ ಕೂಡ. ಬಿಸಿನೀರಿನ ಬುಗ್ಗೆಯೂ ಅದರದೇ. ಸುಮೊ ಕುಸ್ತಿ ನೋಡುವವರು ಇಲ್ಲಿದ್ದರೆ ಒಂದು ಮಾತು: 21ನೇ ವಯಸ್ಸಿಗೇ ಯೊಕೊಜುನಾ ಎಂಬ ಅತಿ ಎತ್ತರದ ಪಟ್ಟ ಏರಿ, 24 ಬಾರಿ ಪಂದ್ಯಾವಳಿ ಗೆದ್ದ ಕಿತಾನೊಉಮಿ ಇದೇ ಊರಿನ ಮಗ.

ಈಗ ಬೆಟ್ಟದ ಜಾತಕ ನೋಡೋಣ. ಬರಹದಲ್ಲಿ ಸಿಗುವ ಸ್ಫೋಟಗಳು ಇವು: 1663, 1769, 1822, 1853, 1910, 1943, 1977, 2000. ಅಂತರ ನೋಡುತ್ತ ಬನ್ನಿ. ಕೊನೆಕೊನೆಗೆ 57 ವರ್ಷ, 33 ವರ್ಷ, 34 ವರ್ಷ, 23 ವರ್ಷ. ಒಂದು ಮನುಷ್ಯಜನ್ಮದಲ್ಲಿ ಎರಡು ಬಾರಿ ಆದೀತು. 1977ರಲ್ಲಿ 10 ವರ್ಷದ ಹುಡುಗಿಯಾಗಿದ್ದವಳು 2000ದಲ್ಲಿ 33ರ ತಾಯಿ, ಮುಂದಿನದಕ್ಕೆ ಅಜ್ಜಿ. ಬೇರೆ ಕಡೆ ಜ್ವಾಲಾಮುಖಿ ಎಂದರೆ ತಾತ ಮುತ್ತಾತರ ಕಾಲದ ಕಥೆ. ಇಲ್ಲಿ ಮನೆಯಲ್ಲಿ ಕಂಡವರು ಇದ್ದೇ ಇರುತ್ತಾರೆ. ಈ ಊರಿನ ಗುಟ್ಟು ಅರ್ಧ ಇದರಲ್ಲೇ ಇದೆ ಎಂದು ನನ್ನ ಅನಿಸಿಕೆ.

ಇನ್ನೊಂದು ವಿಶೇಷ. ಉಸು ಸ್ಫೋಟಿಸುವ ಮುಂಚೆ ನೆಲ ನಡುಗುತ್ತದೆ, ಜನರ ಕಾಲಿಗೇ ಗೊತ್ತಾಗುವಷ್ಟು. ಒಳಗಿನ ಶಿಲಾರಸ ಗಟ್ಟಿ, ಅಂಟು. ನೀರಿನ ಹಾಗೆ ಹರಿಯುವುದಿಲ್ಲ. ಪಾಕ ಎಳೆಯಾಗಿದ್ದರೆ ಸೌಟಿನಿಂದ ಸುರಿಯುತ್ತದೆ, ಗಟ್ಟಿ ಪಾಕವಾದರೆ ಹಂಡೆಯಿಂದ ಎಬ್ಬಿಸಬೇಕು, ಹಾಗೆ. ಅದು ಬಂಡೆಯನ್ನು ಸೀಳಿಕೊಂಡೇ ಮೇಲೆ ಬರಬೇಕು, ಸೀಳಿದಾಗೆಲ್ಲ ಕಂಪನ. ಆದ್ದರಿಂದ ಅಲ್ಲಿನವರು ಉಸುವನ್ನು ‘ಸುಳ್ಳು ಹೇಳದ ಬೆಟ್ಟ’ ಎನ್ನುತ್ತಾರೆ. ಸುಳ್ಳು ಹೇಳುವುದಿಲ್ಲ ನಿಜ, ಗಳಿಗೆಯನ್ನೂ ಹೇಳುವುದಿಲ್ಲ. 1977ರಲ್ಲಿ ನಡುಕ ಶುರುವಾಗಿ 32 ಗಂಟೆಗೆ ಸ್ಫೋಟ. 1943ರಲ್ಲಿ ಶುರುವಾದದ್ದು ಸ್ಫೋಟಿಸಲು ಆರು ತಿಂಗಳು ತೆಗೆದುಕೊಂಡಿತು. ನಿಮ್ಮ ಮನೆಗೆ ನೆಂಟರು ಬರುವುದು ಖಂಡಿತ, ನಾಳೆಯೋ ಮುಂದಿನ ಯುಗಾದಿಗೋ ಗೊತ್ತಿಲ್ಲ ಎಂದರೆ ಅಡುಗೆ ಹೇಗೆ ಮಾಡುತ್ತೀರಿ?

1822ರಲ್ಲಿ ಈ ಮಾತು ಕೇಳುವವರು ಇರಲಿಲ್ಲ. ಬೆಟ್ಟದಿಂದ ಇಳಿದ ಸುಡುಬೂದಿಯ ಪ್ರವಾಹ ಸಮುದ್ರತೀರದ ಅಬುತಾ ಎಂಬ ಊರನ್ನು ಸುಟ್ಟಿತು. ಸತ್ತವರಲ್ಲಿ ಐನು ಜನರೇ ಬಹಳ. 1910ಕ್ಕೆ ಬಂದರೆ ಕಥೆ ಬೇರೆ. ಆಗ ಮುರೊರಾನ್ ಪಟ್ಟಣದ ಪೊಲೀಸ್ ಮುಖ್ಯಸ್ಥ ಇಯಿದಾ ಎಂಬವರು. ಹಿಂದೆ ಪೊಲೀಸ್ ತರಬೇತಿಯಲ್ಲಿದ್ದಾಗ ಭೂಕಂಪ ವಿಜ್ಞಾನಿ ಒಮೊರಿ ಫುಸಾಕಿಚಿ ಅವರ ಉಪನ್ಯಾಸ ಕೇಳಿದ್ದರು. ನೆಲ ನಡುಗಲು ಶುರುವಾದಾಗ ಆ ಪಾಠ ನೆನಪಾಯಿತು. ಸುಮಾರು 15,000 ಜನರಿಗೆ ಊರು ಬಿಡಿ ಎಂದು ಆಜ್ಞೆ ಹೊರಡಿಸಿಯೇ ಬಿಟ್ಟರು. ಜುಲೈ 25ರ ರಾತ್ರಿ ಬೆಟ್ಟ ಸಿಡಿಯಿತು. ಸಭೆಯಲ್ಲಿ ಕೂತು ಉಪನ್ಯಾಸ ಕೇಳಿದರೆ ಏನು ಪ್ರಯೋಜನ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ, ಇವತ್ತು ಇಲ್ಲಿ ಕೂತಿರುವ ನೀವು ಈ ಕಥೆ ಹೇಳಬಹುದು.

ಆ ಸ್ಫೋಟವನ್ನು ನೋಡಲು ಒಮೊರಿ ಸ್ವತಃ ಬಂದರು. ಅವರನ್ನು ಬೆಟ್ಟದ ಸುತ್ತ ಕರೆದುಕೊಂಡು ಓಡಾಡಿದವರಲ್ಲಿ ಸೋಬೆತ್ಸು ಅಂಚೆ ಕಚೇರಿಯ 22 ವರ್ಷದ ಹುಡುಗನೂ ಒಬ್ಬ. ಹೆಸರು ಮಿಮಾತ್ಸು ಮಸಾವೊ. ದೊಡ್ಡವರು ಏನನ್ನು ನೋಡುತ್ತಾರೆ, ಹೇಗೆ ಬರೆದುಕೊಳ್ಳುತ್ತಾರೆ ಎಂದು ಆತ ಕಲಿತದ್ದು ಹಾಗೆ ಜೊತೆಯಲ್ಲಿ ನಡೆದೇ. ಮುಂದೆ ಅದೇ ಊರಿನ ಪೋಸ್ಟ್ ಮಾಸ್ಟರಾದರು.

33 ವರ್ಷ ಕಳೆಯಿತು. 1943ರ ಡಿಸೆಂಬರ್ 28. ನಡುಕ ಶುರು. ಮಹಾಯುದ್ಧದ ಕಾಲ. ಕೆಲವು ದಿನಗಳಲ್ಲಿ ಗೊತ್ತಾದದ್ದು ಏನೆಂದರೆ, ಬೆಟ್ಟದ ಪೂರ್ವದ ಕಾಲಬುಡದಲ್ಲಿದ್ದ ಗೋಧಿ ಹೊಲ ಉಬ್ಬುತ್ತಿದೆ. ಹೊಲದ ರೈತ ಬೆಳಿಗ್ಗೆ ಎದ್ದು ನೋಡಿದರೆ ನಿನ್ನೆ ಸಮವಾಗಿದ್ದ ನೆಲ ಇವತ್ತು ದಿಬ್ಬ. ಬಾವಿಯ ನೀರು ಏರುಪೇರು, ರಸ್ತೆ ಬಿರುಕು. ಪಕ್ಕದಲ್ಲೇ ರೈಲು ಹಳಿ. ಮುರೊರಾನಿನ ಉಕ್ಕಿನ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗುತ್ತಿದ್ದದ್ದು ಆ ಹಳಿಯ ಮೇಲೆ. ಯುದ್ಧಕ್ಕೆ ಉಕ್ಕು ಬೇಕು, ರೈಲು ನಿಲ್ಲಬಾರದು. ಹಳಿ ಎದ್ದಾಗೆಲ್ಲ ಆಳುಗಳು ಬಂದು ಸರಿಮಾಡುವುದು, ಮತ್ತೆ ಏಳುವುದು, ಕೊನೆಗೆ ಹಳಿಯನ್ನೇ ಬೇರೆಡೆಗೆ ಸರಿಸುವುದು. 1944ರ ಜೂನ್ 23ರಂದು ಆ ಹೊಲ ಸಿಡಿಯಿತು. ಬೂದಿಯಲ್ಲಿ ಉಸಿರುಕಟ್ಟಿ ಒಂದು ಕೂಸು ಸತ್ತಿತು. ಅಕ್ಟೋಬರಿನವರೆಗೆ ಸ್ಫೋಟದ ಮೇಲೆ ಸ್ಫೋಟ. ಆಮೇಲೆ ಉಬ್ಬಿದ ನೆಲವನ್ನು ಒಡೆದುಕೊಂಡು, ಮೊಳಕೆ ಮಣ್ಣನ್ನು ಎತ್ತಿಕೊಂಡು ಬರುವ ಹಾಗೆ, ಗಟ್ಟಿ ಶಿಲಾರಸದ ಗುಮ್ಮಟ ಮೇಲೆದ್ದಿತು.

ಹೊಸ ಬೆಟ್ಟವೊಂದು ಹುಟ್ಟುತ್ತಿದೆ ಎಂದರೆ ಇವತ್ತಾದರೆ ಪ್ರಪಂಚದ ಕ್ಯಾಮೆರಾ ಎಲ್ಲ ಅಲ್ಲಿರುತ್ತಿತ್ತು. ಆಗ ಸರ್ಕಾರಕ್ಕೆ ಇದು ಹೊರಗೆ ತಿಳಿಯಬಾರದ ಸುದ್ದಿ, ಜನ ಎದೆಗುಂದಿಯಾರು ಎಂಬ ಭಯ. ಪತ್ರಿಕೆಗಳಲ್ಲಿ ಇಲ್ಲ. ವಿಜ್ಞಾನಿಗಳಿಗೆ ಬಂದು ಕೂರಲು ಸಾಧ್ಯವಿಲ್ಲ. ಫಿಲ್ಮ್ ಸಿಗುವುದಿಲ್ಲ, ಅಳೆಯುವ ಉಪಕರಣ ಇಲ್ಲ, ಕಾಗದಕ್ಕೂ ಬರ. ನೋಡುತ್ತಿದ್ದವರು ಅಂಚೆ ಕಚೇರಿಯ ಮಿಮಾತ್ಸು, 55 ದಾಟಿದವರು.

ಈ ಭಾಗವನ್ನು ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದಕ್ಕಾಗಿಯೇ ಇಲ್ಲಿ ನಿಂತಿರುವುದು. ಅಂಚೆ ಕಚೇರಿಯ ಹಿಂಬದಿಯಿಂದ ಆ ಉಬ್ಬುತ್ತಿರುವ ಹೊಲ ಕಾಣುತ್ತಿತ್ತು. ಅವರು ಅಲ್ಲಿ ಎರಡು ಕಂಬ ನೆಟ್ಟರು. ಕಂಬದಿಂದ ಕಂಬಕ್ಕೆ ದಾರಗಳನ್ನು ಒಂದರ ಮೇಲೊಂದರಂತೆ ಅಡ್ಡಡ್ಡ ಬಿಗಿದರು, ನಮ್ಮಲ್ಲಿ ಬಟ್ಟೆ ಒಣಹಾಕಲು ತಂತಿ ಕಟ್ಟುವ ಹಾಗೆ. ಅದರ ಹಿಂದೆ ಗದ್ದ ಊರಲು ಒಂದು ಆಸರೆ. ಯಾಕೆ? ನೀವು ಇವತ್ತು ನಿಂತು ನೋಡಿ, ನಾಳೆ ಕೂತು ನೋಡಿದರೆ ದಾರದ ಹಿಂದಿನ ಬೆಟ್ಟ ಸರಿದ ಹಾಗೆ ಕಾಣುತ್ತದೆ. ಸರಿದದ್ದು ಬೆಟ್ಟವಲ್ಲ, ನಿಮ್ಮ ಕಣ್ಣು. ಗದ್ದವನ್ನು ದಿನವೂ ಅದೇ ಆಸರೆಯ ಮೇಲೆ ಇಟ್ಟರೆ ಕಣ್ಣು ದಿನವೂ ಒಂದೇ ಜಾಗದಲ್ಲಿರುತ್ತದೆ. ಆಗ ಬೆಟ್ಟದ ಅಂಚು ನಿನ್ನೆ ಮೂರನೆಯ ದಾರಕ್ಕೆ ತಾಗಿತ್ತು, ಇವತ್ತು ಅದರ ಮೇಲೆ ಬಂದಿದೆ ಎಂದರೆ ಬೆಟ್ಟವೇ ಎದ್ದಿದೆ ಎಂದರ್ಥ. ಆ ಅಂಚನ್ನು ಕಾಗದದ ಮೇಲೆ ಗೆರೆ ಎಳೆದು, ಪಕ್ಕಕ್ಕೆ ತಾರೀಖು ಹಾಕುವುದು. ಖರ್ಚು: ಎರಡು ಕಂಬ, ಒಂದಿಷ್ಟು ದಾರ, ಒಂದು ಪೆನ್ಸಿಲ್. ಟಪಾಲಿನ ಕೆಲಸ ತಪ್ಪಿಸುವ ಹಾಗಿಲ್ಲ, ಜೊತೆಗೆ ಇದು.

1945ರ ಆಗಸ್ಟಿನಲ್ಲಿ ಯುದ್ಧ ನಿಂತಿತು. ಸೆಪ್ಟೆಂಬರಿನಲ್ಲಿ ಬೆಟ್ಟ ನಿಂತಿತು. ಗೋಧಿ ಬೆಳೆಯುತ್ತಿದ್ದ ನೆಲ 400 ಮೀಟರ್ ಎತ್ತರದ ಶಿಖರವಾಗಿತ್ತು. ಅದಕ್ಕೆ ಶೋವಾ ಶಿನ್‌ಜಾನ್ ಎಂದು ಹೆಸರು, ಅಂದರೆ ಶೋವಾ ಚಕ್ರವರ್ತಿಯ ಕಾಲದ ಹೊಸ ಬೆಟ್ಟ. ಈಗ ತಣ್ಣಗಾಗುತ್ತ ಸ್ವಲ್ಪ ಕುಗ್ಗಿ 398 ಮೀಟರಿಗೆ ಇಳಿದಿದೆ.

ಪೋಸ್ಟ್ ಮಾಸ್ಟರ ಗೆರೆಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಸೇರಿಸಿದಾಗ ಒಂದು ಬೆಟ್ಟ ಹುಟ್ಟಿ ಬೆಳೆದದ್ದು ಒಂದೇ ನೋಟಕ್ಕೆ ಕಂಡಿತು. 1948ರಲ್ಲಿ ಓಸ್ಲೊದಲ್ಲಿ ಸೇರಿದ ಜ್ವಾಲಾಮುಖಿ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಭೆಯಲ್ಲಿ ಅದನ್ನು ತೋರಿಸಲಾಯಿತು. ಇಂಥ ಗುಮ್ಮಟ ಮೊದಲ ದಿನದಿಂದ ಕೊನೆಯ ದಿನದವರೆಗೆ ಬೆಳೆದ ಲೆಕ್ಕ ಅದುವರೆಗೆ ಯಾರ ಬಳಿಯೂ ಇರಲಿಲ್ಲ. ಇವತ್ತಿಗೂ ಅದರ ಹೆಸರು ‘ಮಿಮಾತ್ಸು ನಕ್ಷೆ’. ಅದರ ಜೆರಾಕ್ಸ್ ಒಂದು ತಂದಿದ್ದೇನೆ, ಮೊದಲ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ.

ಮತ್ತೊಂದು ಕೆಲಸ ಮಾಡಿದರು ಅವರು. ಹೊಲ ಕಳೆದುಕೊಂಡ ರೈತರ ಗತಿ ನೋಡಿ. ಪಹಣಿಯಲ್ಲಿ ಗೋಧಿ ಹೊಲ, ಎದುರಿಗೆ ಹೊಗೆಯಾಡುವ ಬಂಡೆ. ಗಂಧಕಕ್ಕಾಗಿ ಅದನ್ನು ಅಗೆಯುವ ಮಾತೂ ಇತ್ತು. 1946ರಲ್ಲಿ ಮಿಮಾತ್ಸು ತಮ್ಮ ದುಡ್ಡಿನಿಂದ ಆ ಬೆಟ್ಟವನ್ನೇ ಕೊಂಡುಕೊಂಡರು. ರೈತರಿಗೆ ಕೈಗೆ ನಾಲ್ಕು ಕಾಸು ಸಿಕ್ಕಿತು, ಬೆಟ್ಟ ಉಳಿಯಿತು. ಮುಂದೆ ಸರ್ಕಾರ ಅದನ್ನು ವಿಶೇಷ ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು. ಬೆಟ್ಟ ಈಗಲೂ ಅವರ ಮನೆತನದ್ದೇ. ಸ್ವಂತ ಸೈಟಿಗಾಗಿ ಜೀವಮಾನ ಸವೆಸುವವರು ನಾವು. ಜ್ವಾಲಾಮುಖಿಯ ಖಾತೆ ಮಾಡಿಸಿಕೊಂಡ ಅಂಚೆ ನೌಕರ ಇವರೊಬ್ಬರೇ ಇರಬೇಕು.

ನಾನು ನೋಡಿದ್ದು ಹೇಳುತ್ತೇನೆ. ಬುಡದಲ್ಲಿ ವಾಹನ ನಿಲುಗಡೆ, ಅಂಗಡಿ ಸಾಲು, ಕರಡಿಗಳನ್ನು ಸಾಕಿ ತೋರಿಸುವ ಜಾಗ, ಉಸು ಬೆಟ್ಟಕ್ಕೆ ಹೋಗುವ ರೋಪ್‌ವೇ. ಇವೆಲ್ಲದರ ಮೇಲೆ ಗಿಡ ಮರವಿಲ್ಲದ ಕೆಂಪು ಬೆಟ್ಟ, ಅಲ್ಲಲ್ಲಿ ಬಿಳಿ ಆವಿ. ಆ ಕೆಂಪು, ಬಂಡೆಯ ಬಣ್ಣವಲ್ಲ. ಒಳಗಿನ ಕಾವಿಗೆ ಮೇಲಿನ ಹೊಲದ ಮಣ್ಣು ಬೆಂದು ಇಟ್ಟಿಗೆಯಾಗಿದೆ. ನಮ್ಮ ಊರಾಚೆ ಇಟ್ಟಿಗೆ ಗೂಡು ಹಾಕುತ್ತಾರಲ್ಲ, ಅದೇ ಬಣ್ಣ. ಮೇಲಕ್ಕೆ ಎದ್ದ ಆ ನೆಲದಲ್ಲಿ ಹಳೆಯ ಹೊಳೆಯ ನುಣುಪು ಕಲ್ಲುಗಳೂ ಇವೆಯಂತೆ, ನೀರಿನಲ್ಲಿ ಇರಬೇಕಾದವು ಬೆಟ್ಟದ ಹೆಗಲ ಮೇಲೆ. ಪ್ರತಿಮೆಯ ಮಿಮಾತ್ಸು ಅಳತೆಯ ಉಪಕರಣದ ಹಿಂದೆ ನಿಂತು ಬೆಟ್ಟವನ್ನೇ ದಿಟ್ಟಿಸುತ್ತಿದ್ದಾರೆ. ನನಗೆ ಒಂದು ತಕರಾರು: ಉಪಕರಣದ ಬದಲು ಆ ದಾರ, ಆ ಗದ್ದದ ಆಸರೆ ಇದ್ದಿದ್ದರೆ ಇನ್ನೂ ಸರಿಯಿತ್ತು.

ನಮ್ಮ ಮಲ್ಪೆ ಹತ್ತಿರದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದವರು ಕೈ ಎತ್ತಿ. ಅಲ್ಲಿನ ಕಂಬ ಕಂಬದ ಬಂಡೆಗಳೂ ಶಿಲಾರಸವೇ, ಅದೂ ಶೋವಾ ಶಿನ್‌ಜಾನಿನ ಹಾಗೆ ಸಿಲಿಕ ಹೆಚ್ಚಿರುವ ಅಂಟು ಜಾತಿಯದೇ. ವಯಸ್ಸು ಮಾತ್ರ ಎಂಟು ಕೋಟಿ ವರ್ಷಕ್ಕೂ ಹೆಚ್ಚು. ನಮ್ಮದು ಎಂದೋ ತಣ್ಣಗಾದ ಒಲೆ, ಕೂತು ಫೋಟೊ ತೆಗೆಸಿಕೊಳ್ಳುತ್ತೇವೆ. ಅಲ್ಲಿ ಒಲೆ ಉರಿಯುತ್ತಿದೆ.

1977ರ ಆಗಸ್ಟ್ 7. ಬೇಸಿಗೆ ರಜೆ, ಸರೋವರದ ದಡ ಪ್ರವಾಸಿಗರಿಂದ ತುಂಬಿತ್ತು. ಬೆಳಿಗ್ಗೆ 9 ಗಂಟೆ ದಾಟುತ್ತಲೇ ಉಸು ಶಿಖರ ಸಿಡಿದು ಬೂದಿ 12 ಕಿ.ಮೀ. ಎತ್ತರಕ್ಕೆ ಹೋಯಿತು. ಜನ ತಪ್ಪಿಸಿಕೊಂಡರು. ಆದರೆ ಬೂದಿ ಬೆಟ್ಟದ ಮೇಲೆ ಕೂತಿತ್ತಲ್ಲ, ಮರುವರ್ಷ ಅಕ್ಟೋಬರಿನಲ್ಲಿ ಮಳೆ ಬಂದಾಗ ಕೆಸರಾಗಿ ಇಳಿದು ಬಿಸಿನೀರಿನ ಪೇಟೆಯಲ್ಲಿ 3 ಜೀವ ತೆಗೆಯಿತು. ಮಿಮಾತ್ಸು 1977ರ ಸ್ಫೋಟವನ್ನೂ ಕಂಡು, ಆ ವರ್ಷದ ಡಿಸೆಂಬರಿನಲ್ಲೇ 89ನೇ ವಯಸ್ಸಿಗೆ ತೀರಿಕೊಂಡರು.

ಇಲ್ಲಿ ಒಂದು ಅಹಿತದ ಮಾತು ಹೇಳಲೇಬೇಕು. ಈ ದಡದ ಅನ್ನ ಪ್ರವಾಸಿಗರದು. 1910ರ ಸ್ಫೋಟದ ನಂತರ ದಡದಲ್ಲಿ ಬಿಸಿನೀರು ಸಿಕ್ಕಿ, ಅದರ ಸುತ್ತ ಹೋಟೆಲುಗಳು ಎದ್ದವು. ಹೋಟೆಲಿನವರಿಗೆ ‘ಮುಂದಿನ ಸ್ಫೋಟ’ ಎಂಬ ಪದ ಕೇಳಿದರೆ ಆಗುತ್ತಿರಲಿಲ್ಲ. ಅಪಾಯದ ನಕ್ಷೆ ಅಚ್ಚು ಹಾಕಿ ಹಂಚುವುದೆಂದರೆ ಅಂಗಡಿಯವನೇ ತನ್ನ ಬಾಗಿಲ ಮೇಲೆ ‘ಇಲ್ಲಿ ಬರಬೇಡಿ’ ಎಂದು ಬರೆದ ಹಾಗಲ್ಲವೆ? ಅವರನ್ನು ನಾನು ಬೈಯುವುದಿಲ್ಲ. ನಾವು ಆ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದೆವು. ಆದರೆ 1985ರಲ್ಲಿ ಕೊಲಂಬಿಯಾದ ನೆವಾಡೊ ಡೆಲ್ ರುಯಿಜ್ ಸ್ಫೋಟಿಸಿ 20,000ಕ್ಕೂ ಹೆಚ್ಚು ಜನ ಕೆಸರಿನಲ್ಲಿ ಹೂತುಹೋದರು. ಅಲ್ಲಿ ನಕ್ಷೆ ಇತ್ತು, ಜನರ ಕಿವಿಗೆ ಅದು ಇಳಿದಿರಲಿಲ್ಲ. 1991ರಲ್ಲಿ ಜಪಾನಿನದೇ ಉನ್‌ಜೆನ್ ಬೆಟ್ಟ 43 ಜನರನ್ನು ಕೊಂದಿತು. ಕಡೆಗೆ 1995ರಲ್ಲಿ ಉಸು ಸುತ್ತಲಿನ ಊರಾಡಳಿತಗಳು ಒಟ್ಟಾಗಿ ನಕ್ಷೆ ಮಾಡಿ ಮನೆಮನೆಗೆ ಹಂಚಿದವು.

ಹೊಕ್ಕೈಡೊ ವಿಶ್ವವಿದ್ಯಾಲಯದ ವೀಕ್ಷಣಾಲಯ ಇರುವುದು ಸೋಬೆತ್ಸುವಿನಲ್ಲೇ. ಅಲ್ಲಿ ಬಹುಕಾಲ ಕೆಲಸ ಮಾಡಿದ ಪ್ರಾಧ್ಯಾಪಕ ಒಕಾಡಾ ಹಿರೊಮು ಅವರನ್ನು ಈ ಬೆಟ್ಟದ ಮನೆವೈದ್ಯರು ಎಂದೇ ಕರೆಯುತ್ತಿದ್ದರು. ಮೇಯರುಗಳನ್ನು ಹೆಸರಿನಿಂದ ಬಲ್ಲವರು, ಶಾಲೆಯ ಮಕ್ಕಳನ್ನು ಬೆಟ್ಟ ಹತ್ತಿಸಿ ಪಾಠ ಹೇಳುವುದರಲ್ಲೂ ಜೊತೆಯಾದವರು. 2000ದ ಮಾರ್ಚ್ 27ರಿಂದ ನಡುಕ ಹೆಚ್ಚಿದಾಗ ಅವರು ಹೇಳಿದ್ದನ್ನು ಊರು ನಂಬಿತು. 29ರಂದು, ಕೆಲವೇ ದಿನಗಳಲ್ಲಿ ಸ್ಫೋಟವಾಗಲಿದೆ ಎಂದು ಹವಾಮಾನ ಇಲಾಖೆ ಪ್ರಕಟಿಸಿತು. ಸೋಬೆತ್ಸು, ದಾತೆ, ಅಬುತಾ ಮೂರೂ ಊರಾಡಳಿತಗಳು ಆಜ್ಞೆ ಕೊಟ್ಟವು. 10,000ಕ್ಕೂ ಹೆಚ್ಚು ಜನ ಬಸ್ಸು, ರೈಲು, ದೋಣಿ ಹತ್ತಿ ಹೊರಟರು. 31ರ ಮಧ್ಯಾಹ್ನ 1 ಗಂಟೆ 7 ನಿಮಿಷಕ್ಕೆ ಬೆಟ್ಟದ ಪಶ್ಚಿಮ ಬುಡ ಬಾಯಿಬಿಟ್ಟಿತು. ಮರುದಿನ ಬಿಸಿನೀರಿನ ಪೇಟೆಯ ಬೆನ್ನಿಗೇ ಇನ್ನೊಂದು ಬಾಯಿ. 60ಕ್ಕೂ ಹೆಚ್ಚು ಕುಳಿಗಳಾದವು. ರಾಷ್ಟ್ರೀಯ ಹೆದ್ದಾರಿಯ ಒಂದು ಭಾಗ 70 ಮೀಟರ್ ಮೇಲೆದ್ದು ಮೆಟ್ಟಿಲು ಮೆಟ್ಟಿಲಾಯಿತು. ನೂರಾರು ಮನೆಗಳು ಹಾಳಾದವು. ಸತ್ತವರು ಯಾರೂ ಇಲ್ಲ.

ಆ ಮುರಿದ ಊರನ್ನು ಕೆಡವದೆ ಇಟ್ಟಿದ್ದಾರೆ. ಪಕ್ಕದ ತೋಯಾಕೊ ಪಟ್ಟಣದ ಸರಹದ್ದು ಅದು. ಕೆಸರು ಹೊತ್ತು ತಂದ ಸೇತುವೆಯೊಂದು ವಸತಿ ಕಟ್ಟಡಕ್ಕೆ ಬಡಿದದ್ದನ್ನು ನೀವು ಹತ್ತಿರದಿಂದ ನೋಡಬಹುದು. ಕಟ್ಟಡದ ನೆಲ ಅಂತಸ್ತಿನ ಕಿಟಕಿಗಳಲ್ಲಿ ಈಗ ಹುಲ್ಲು. 2009ರಲ್ಲಿ ಈ ಇಡೀ ಸೀಮೆ ಜಾಗತಿಕ ಜಿಯೋಪಾರ್ಕ್‌ಗಳ, ಅಂದರೆ ನೆಲದ ಕಥೆಯನ್ನು ಕಾಪಾಡಿ ತೋರಿಸುವ ತಾಣಗಳ, ಬಳಗ ಸೇರಿತು. ಹೆದರಿಕೆ ಎಂದು ಮುಚ್ಚಿಡುತ್ತಿದ್ದದ್ದೇ ಈಗ ಟಿಕೆಟಿಲ್ಲದ ಪಾಠಶಾಲೆ. ಊರಿನವರಿಗೇ ಪರೀಕ್ಷೆ ಇಟ್ಟು ‘ಜ್ವಾಲಾಮುಖಿ ಮಾಸ್ಟರು’ ಎಂಬ ಮಾನ್ಯತೆ ಕೊಡುತ್ತಾರೆ. ಮುಂದಿನ ಬಾರಿ ನಡುಕ ಶುರುವಾದಾಗ ಪಕ್ಕದ ಮನೆಯವರಿಗೆ ಅರ್ಥಮಾಡಿಸುವುದು ಅವರ ಕೆಲಸ.

ಚಳಿಗಾಲದ ಮಾತು ಬಿಟ್ಟೆ. ಹಿಮ ಬಿದ್ದರೆ ಪ್ರವಾಸಿಗರು ಬರುವುದಿಲ್ಲ. ಬಿಸಿಲು ನಾಡಿನ ಪ್ರವಾಸಿಗರು ಹಿಮದ ಉಂಡೆ ಎರಚಿ ಆಡುವುದನ್ನು ಕಂಡು ಸೋಬೆತ್ಸುವಿನ ಯುವಕರಿಗೆ ಒಂದು ಉಪಾಯ ಹೊಳೆಯಿತಂತೆ. ಆಟಕ್ಕೆ ನಿಯಮ ಕಟ್ಟಿದರು: ತಂಡಕ್ಕೆ 7 ಜನ, ಮೂರು ನಿಮಿಷದ ಒಂದು ಸುತ್ತಿಗೆ 90 ಉಂಡೆ, ತಲೆಗೆ ಹೆಲ್ಮೆಟ್. 1989ರಿಂದ ಪ್ರತಿ ಫೆಬ್ರವರಿ ಹೊಸ ಬೆಟ್ಟದ ಬುಡದಲ್ಲಿ ಪಂದ್ಯಾವಳಿ. ಫಿನ್ಲೆಂಡಿನವರೂ ನಿಯಮ ಕೊಂಡೊಯ್ದು ಆಡುತ್ತಿದ್ದಾರೆ. 2,500 ಜನರ ಊರು ಒಂದು ಆಟವನ್ನೇ ಹುಟ್ಟಿಸಿದೆ.

ಆ ರಾತ್ರಿ ನಾವು ದಡದಲ್ಲೇ ಉಳಿದೆವು. ಏಪ್ರಿಲಿನಿಂದ ಅಕ್ಟೋಬರ್ ಕೊನೆಯವರೆಗೆ ಪ್ರತಿ ರಾತ್ರಿ ಸರೋವರದ ಮೇಲೆ ದೋಣಿಯಿಂದ ಬಾಣಬಿರುಸು ಹಾರಿಸುತ್ತಾರೆ. 1977ರ ಪೆಟ್ಟಿನ ನಂತರ ಜನರನ್ನು ಮತ್ತೆ ಕರೆತರಲು 1982ರಲ್ಲಿ ಶುರುಮಾಡಿದ್ದು, ನಿಂತಿಲ್ಲ. ಎಲ್ಲರೂ ನೀರಿನ ಕಡೆ ಮುಖ ಮಾಡಿ ನಿಂತಿದ್ದರು. ನಾನು ಒಮ್ಮೆ ತಿರುಗಿ ನೋಡಿದೆ; ಬಾಣದ ಬೆಳಕು ಬಿದ್ದಾಗೆಲ್ಲ ಬೆನ್ನ ಹಿಂದಿನ ಉಸು ಒಂದು ಕ್ಷಣ ಕಂಡು ಮರೆಯಾಗುತ್ತಿತ್ತು.

ಪ್ರಶ್ನೆಗಳಿದ್ದರೆ ಕೇಳಿ. ಆ ಜೆರಾಕ್ಸ್ ಎಲ್ಲಿಯವರೆಗೆ ಹೋಯಿತು? ಕೊನೆಯ ಸಾಲಿನವರು ಮೇಲಿನ ಗೆರೆಯ ತಾರೀಖು ನೋಡಿ ವಾಪಸ್ ಕಳಿಸಿ, ನನ್ನ ಹತ್ತಿರ ಇರುವುದು ಅದೊಂದೇ.